ಮಗಳ ಗುಂಗುರು ಕೂದಲು: ಒಣಗಿರುವಾಗ ಬಾಚಣಿಗೆ ಮುಟ್ಟಿಸಬೇಡಿ

ಪ್ರಶ್ನೆ: ನಾವು ಅಮೆರಿಕದ ಡಾಲಸ್‌ನಲ್ಲಿದ್ದೇವೆ. ನಾನು ಶಿವಮೊಗ್ಗದವಳು, ನನ್ನ ಗಂಡ ಆಫ್ರಿಕನ್ ಅಮೆರಿಕನ್. ಮಗಳಿಗೆ 5 ವರ್ಷ. ಕೂದಲು ಪೂರ್ತಿ ಅಪ್ಪನದು, ಸಣ್ಣ ಸಣ್ಣ ಬಿಗಿ ಸುರುಳಿ. ಬೆಳಿಗ್ಗೆ ಬಾಚಲು ಕೂತರೆ ಅಳು ಶುರು. ಊರಿಂದ ಬಂದಿರುವ ನನ್ನಮ್ಮ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಆದರೂ ಸಂಜೆಗೆ ಒಣಗಿ ಹೋಗುತ್ತದೆ. ಎರಡು ವರ್ಷದಿಂದ ಉದ್ದವೇ ಆಗಿಲ್ಲ. "ತಿರುಪತಿಗೆ ಹೋಗಿ ಮುಡಿ ಕೊಟ್ಟರೆ ನೆಟ್ಟಗೆ ಬರುತ್ತೆ" ಅಂತ ಅಮ್ಮ ಹೇಳುತ್ತಾರೆ. ಅತ್ತೆ ಕಂಡಾಗಲೆಲ್ಲ "ಮಗುವಿನ ತಲೆ ಹಾಳು ಮಾಡ್ತಿದ್ದೀರಿ" ಅಂತ ರೇಗುತ್ತಾರೆ. ಗೆಳತಿಯೊಬ್ಬಳು ಕೂದಲು ನೇರ ಮಾಡಿಸಿಬಿಡು ಅಂದಳು. ಏನು ಮಾಡಲಿ?

ಉತ್ತರ: ನಿಮಗೆ ಸಲಹೆ ಕೊಟ್ಟವರಲ್ಲಿ ಇಂಥ ಕೂದಲನ್ನು ಹುಟ್ಟಿದಾಗಿನಿಂದ ನೋಡಿಕೊಂಡು ಬಂದವರು ನಿಮ್ಮ ಅತ್ತೆ ಒಬ್ಬರೇ. ಅವರು ರೇಗಿದ್ದು ಬೇಜಾರಾಗಿರಬಹುದು. ಆದರೂ ಒಂದು ಭಾನುವಾರ ಅವರನ್ನು ಕರೆದು ಮಗಳ ತಲೆಯನ್ನು ಅವರ ಕೈಗೆ ಕೊಡಿ. ನೀವು ಪಕ್ಕದಲ್ಲಿ ಕೂತು ಬೆರಳು ಹೇಗೆ ಓಡುತ್ತೆ ಅಂತ ಸುಮ್ನೆ ನೋಡಿ. ಚರ್ಮವೈದ್ಯೆಯಾಗಿ ನಾನು ಕಾರಣಗಳನ್ನು ಹೇಳಬಲ್ಲೆ. ಬೈತಲೆ ತೆಗೆಯುವ ಕೈಚಳಕ ನನ್ನ ಬರಹದಿಂದ ಬರುವಂಥದ್ದಲ್ಲ.

ಈಗ ಕಾರಣಕ್ಕೆ ಬರೋಣ. ಮಗಳ ಕೂದಲು ಚರ್ಮದೊಳಗಿನ ಬುಡದಲ್ಲೇ ಬಾಗಿ ಹುಟ್ಟುತ್ತದೆ. ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ದುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ಅದಕ್ಕೇ ಹೊರಗೆ ಬರುತ್ತಲೇ ಸುತ್ತಿಕೊಳ್ಳುತ್ತದೆ. ನಿಮ್ಮ ನೆಟ್ಟನೆ ಕೂದಲಲ್ಲಿ ನೆತ್ತಿಯ ಜಿಡ್ಡು ತುದಿಯವರೆಗೆ ಸಲೀಸಾಗಿ ಇಳಿಯುತ್ತದೆ. ಅವಳ ಕೂದಲಲ್ಲಿ ಅದು ಆಗುಂಬೆ ಘಾಟಿ ಇಳಿದ ಹಾಗೆ, ತಿರುವಿನ ಮೇಲೆ ತಿರುವು. ತುದಿಗೆ ಬಂದು ಮುಟ್ಟುವುದೇ ಇಲ್ಲ. ಹಾಗಾಗಿ ಬುಡದಲ್ಲಿ ಜಿಡ್ಡಿದ್ದರೂ ತುದಿ ಒಣಗಿರುತ್ತದೆ. ಜೊತೆಗೆ ಪ್ರತಿ ತಿರುವಿನಲ್ಲೂ ಎಳೆ ಸ್ವಲ್ಪ ಬಲಹೀನ. ನೋಡಲು ದಟ್ಟವಾಗಿ, ಗಟ್ಟಿಯಾಗಿ ಕಾಣುತ್ತದೆ, ಅಲ್ವಾ? ನಿಜದಲ್ಲಿ ಎಲ್ಲ ಬಗೆಯ ಕೂದಲಿನಲ್ಲೂ ಬೇಗ ತುಂಡಾಗುವುದು ಇದೇ. ಒಣಗಿರುವಾಗ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಎಳೆದರೆ ತಿರುವು ತಿರುವಿನಲ್ಲೂ ಮುರಿಯುತ್ತದೆ.

"ಉದ್ದವೇ ಆಗಿಲ್ಲ" ಅಂತ ಬರೆದಿದ್ದೀರಿ. ಬೆಳೆಯುತ್ತಿದೆ, ಚಿಂತೆ ಬೇಡ. ತಲೆಗೂದಲು ಸರಾಸರಿ ತಿಂಗಳಿಗೆ 1 ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ. ಆಫ್ರಿಕನ್ ಮೂಲದ ಕೂದಲಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ. ಆದರೆ ಬುಡದಲ್ಲಿ ಬೆಳೆದಷ್ಟೂ ತುದಿಯಲ್ಲಿ ಮುರಿದರೆ ಉದ್ದ ನಿಂತಲ್ಲೇ ನಿಂತಿರುತ್ತದೆ. ಬಾಚಿದ ಮೇಲೆ ನೆಲ ನೋಡಿ. ಬಿದ್ದ ಎಳೆಯ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇದ್ದರೆ ಅದು ತಾನಾಗಿ ಉದುರಿದ್ದು, ಸಹಜ. ಚುಕ್ಕೆ ಇಲ್ಲದ ಗಿಡ್ಡ ಗಿಡ್ಡ ತುಂಡುಗಳು ಜಾಸ್ತಿ ಇದ್ದರೆ ಅದು ಮುರಿದದ್ದು. ಇನ್ನೊಂದು ವಿಷಯ, ಈ ಕೂದಲು ಒಣಗಿದಾಗ ಕುಗ್ಗುತ್ತದೆ. ನಿಜವಾದ ಉದ್ದದ ಅರ್ಧಕ್ಕಿಂತ ಜಾಸ್ತಿ ಕುಗ್ಗುವುದೂ ಉಂಟು. ತಲೆ ತೋಯ್ದಿರುವಾಗ ಒಂದು ಸುರುಳಿಯನ್ನು ಮೆಲ್ಲಗೆ ಎಳೆದು ನೋಡಿ. ಕಿವಿಯ ಹತ್ತಿರ ಇದ್ದದ್ದು ಭುಜ ಮುಟ್ಟಬಹುದು. ಎಳೆದಾಗ ಹಿಗ್ಗಿ, ಬಿಟ್ಟಾಗ ಮತ್ತೆ ಸುರುಳಿಯಾದರೆ ಕೂದಲು ಆರೋಗ್ಯವಾಗಿದೆ ಅಂತ ಅರ್ಥ.

ಮುಡಿ ವಿಚಾರ. ಹರಕೆ ಇದ್ದರೆ ಕೊಡಿ, ಅದು ನಿಮ್ಮ ಮನೆಯ ನಂಬಿಕೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೂದಲು ಸುರುಳಿಯೋ ನೆಟ್ಟಗೋ ಅನ್ನೋದು ಚರ್ಮದೊಳಗಿನ ಬುಡದ ಆಕಾರದಿಂದ ತೀರ್ಮಾನವಾಗುತ್ತದೆ. ಕ್ಷೌರದ ಕತ್ತಿ ಅಲ್ಲಿಗೆ ತಲುಪುವುದಿಲ್ಲ. ಬೋಳಿಸಿದ ಮೇಲೆ ಬರುವುದೂ ಇದೇ ಸುರುಳಿ. ಹುಟ್ಟುಗೂದಲು ತೆಗೆಸಿದ ಮೇಲೆ ಕೂದಲ ಬಗೆಯೇ ಬದಲಾಯಿತು ಅಂತ ನಮ್ಮಲ್ಲಿ ತುಂಬ ಜನ ಹೇಳುತ್ತಾರೆ. ಮೊದಲ ಎರಡು ಮೂರು ವರ್ಷದಲ್ಲಿ ಮಕ್ಕಳ ಕೂದಲು ತಾನಾಗಿಯೇ ಬದಲಾಗುತ್ತದೆ. ಹೆಸರು ಮಾತ್ರ ಮುಡಿಗೆ ಬರುತ್ತದೆ.

ಇನ್ನು ನಿಮ್ಮಮ್ಮನ ಎಣ್ಣೆ. ಅವರನ್ನು ತಪ್ಪಿತಸ್ಥರನ್ನಾಗಿ ಮಾಡಬೇಡಿ. ಎಣ್ಣೆ ಸರಿಯಾದದ್ದೇ, ಹಚ್ಚುವ ಹೊತ್ತು ಮಾತ್ರ ತಪ್ಪು. ಕೊಬ್ಬರಿ ಎಣ್ಣೆ ಎಳೆಯ ಒಳಗೆ ಇಳಿಯುತ್ತದೆ. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರುವುದನ್ನು ಕಡಿಮೆ ಮಾಡುತ್ತದೆ. ಹೀಗಂತ ತೋರಿಸಿದ ಅಧ್ಯಯನವೊಂದು 2003ರಲ್ಲಿ ಭಾರತದಿಂದಲೇ ಬಂತು. ಮಾಡಿದವರು ಎಣ್ಣೆ ಮಾರುವ ಕಂಪನಿಯ ಸಂಶೋಧಕರು ಅನ್ನೋದನ್ನು ನೆನಪಿಟ್ಟುಕೊಳ್ಳಿ. ಆದರೂ ತಲೆ ತೊಳೆಯುವ ಮೊದಲು ಹಚ್ಚಿದರೆ ಒಳ್ಳೆಯದು ಅನ್ನುವ ನಮ್ಮ ಎಣ್ಣೆಸ್ನಾನದ ಲೆಕ್ಕ ಇಲ್ಲಿ ಸರಿಹೋಗುತ್ತದೆ. ಆದರೆ ಎಣ್ಣೆ ನೀರಲ್ಲ. ಒಣಗಿದ ಕೂದಲಿಗೆ ಎಣ್ಣೆ ಸವರಿದರೆ ಮೇಲೆ ಹೊಳಪು ಬರುತ್ತದೆ, ಒಳಗೆ ಒಣಗಿದ್ದು ಒಣಗಿಯೇ ಇರುತ್ತದೆ. ಮೊದಲು ನೀರಿನ ಪಸೆ, ಅದರ ಮೇಲೆ ಎಣ್ಣೆ. ಆಗ ಪಸೆ ಬೇಗ ಆರುವುದಿಲ್ಲ. ದಿನಾ ನೆತ್ತಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿ. ಹೊಟ್ಟು ಜಾಸ್ತಿಯಾಗಬಹುದು, ಹಣೆಯ ಅಂಚಿನಲ್ಲಿ ಗುಳ್ಳೆ ಏಳಬಹುದು.

ಹರಳೆಣ್ಣೆ ಬಗ್ಗೆಯೂ ಹೇಳಿಬಿಡುತ್ತೇನೆ. ಅಲ್ಲಿನ ಅಂಗಡಿಗಳಲ್ಲಿ 'ಜಮೈಕನ್ ಬ್ಲ್ಯಾಕ್ ಕ್ಯಾಸ್ಟರ್ ಆಯಿಲ್' ಅಂತ ಸಿಗುತ್ತದೆ. ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ತೆಗೆದ ಎಣ್ಣೆ. ನಮ್ಮ ಹಳ್ಳಿಗಳಲ್ಲಿ ಮನೆಯಲ್ಲೇ ಮಾಡುತ್ತಿದ್ದದ್ದೂ ಹೀಗೇ. ನಿಮ್ಮಮ್ಮನಿಗೆ ವಾಸನೆ ಕೊಟ್ಟು ನೋಡಿ, ತಕ್ಷಣ ಗುರುತು ಹಿಡಿಯುತ್ತಾರೆ! ತುದಿಗಳಿಗೆ ಎರಡು ಹನಿ ಸವರಲು ಚೆನ್ನಾಗಿದೆ. ಕೂದಲು ಬೆಳೆಸುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ.

ಈಗ ಮುಖ್ಯ ಕೆಲಸ, ತಲೆ ತೊಳೆಯುವ ದಿನ. ಕಪ್ಪು ಅಮೆರಿಕನ್ ಮನೆಗಳಲ್ಲಿ 'ವಾಶ್ ಡೇ' ಅಂದರೆ ಅರ್ಧ ದಿನದ ಕಾರ್ಯಕ್ರಮ. ಅಮೆರಿಕದ ಚರ್ಮವೈದ್ಯರ ಸಂಘ ಇಂಥ ಕೂದಲನ್ನು ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ತೊಳೆದರೆ ಸಾಕು ಅನ್ನುತ್ತದೆ. 5 ವರ್ಷದ ಮಗು ಮಣ್ಣಲ್ಲಿ ಆಡುತ್ತದೆ, ಹಾಗಾಗಿ ವಾರಕ್ಕೊಮ್ಮೆ ಇಟ್ಟುಕೊಳ್ಳಿ. ಹೊಟ್ಟೆ ತುಂಬಿಸಿ ಕೂರಿಸಿ. ಎದುರಿಗೆ ಕಾರ್ಟೂನ್ ಹಾಕಿ. ಅವಸರ ಇರುವ ದಿನ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಕೂದಲನ್ನು ನಾಲ್ಕರಿಂದ ಆರು ಭಾಗ ಮಾಡಿ ಕ್ಲಿಪ್ ಹಾಕಿ. ಅರ್ಧ ಗಂಟೆ ಮೊದಲೇ ಅಜ್ಜಿ ಕೈಯಿಂದ ಕೊಬ್ಬರಿ ಎಣ್ಣೆ ಹಚ್ಚಿಸಿ, ಬುಡಕ್ಕಿಂತ ಉದ್ದಕ್ಕೆ ಜಾಸ್ತಿ. ಆಮೇಲೆ ಒಂದೊಂದೇ ಭಾಗ ಬಿಚ್ಚಿ, ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ. ಕೈತುಂಬ ಕಂಡೀಷನರ್ ಸವರಿ ಬೆರಳಿನಿಂದ ಸಿಕ್ಕು ಬಿಡಿಸಿ. ಎಳೆಗಳು ಒಂದರ ಮೇಲೊಂದು ಜಾರಬೇಕು. ಜಾರುತ್ತಿಲ್ಲ ಅಂದರೆ ಇನ್ನಷ್ಟು ನೀರು, ಇನ್ನಷ್ಟು ಕಂಡೀಷನರ್. ಇಲ್ಲಿ ಜಿಪುಣತನ ಬೇಡ. ಬೆರಳಿನ ಕೆಲಸ ಮುಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ. ತುದಿಯ ಎರಡು ಇಂಚು ಬಿಡಿಸಿ, ಸ್ವಲ್ಪ ಮೇಲಿನದು, ಇನ್ನೂ ಸ್ವಲ್ಪ ಮೇಲಿನದು, ಕೊನೆಗೆ ಬುಡ. ನಾವು ಅಭ್ಯಾಸಬಲದಿಂದ ನೆತ್ತಿಯಿಂದ ಕೆಳಗೆ ಎಳೆಯುತ್ತೇವೆ. ಆಗ ಮೇಲಿನ ಸಿಕ್ಕೆಲ್ಲ ಕೆಳಗೆ ಬಂದು ಒಂದೇ ಗಂಟಾಗುತ್ತದೆ. ಮಗು ಅಳುವುದು ಅದಕ್ಕೇ. ಇನ್ನೊಂದು ಕೈಯಲ್ಲಿ ಆ ಭಾಗದ ಬುಡವನ್ನು ಹಿಡಿದುಕೊಂಡಿರಿ, ಆಗ ಎಳೆತ ನೆತ್ತಿಗೆ ತಾಗುವುದಿಲ್ಲ. ಇದೊಂದು ಬದಲಾಯಿಸಿದರೂ ಅಳು ಬಹಳ ಕಡಿಮೆಯಾಗುತ್ತದೆ.

ಬಿಡಿಸಿದ ಭಾಗವನ್ನು ಸಡಿಲವಾಗಿ ಹುರಿ ಮಾಡಿ ಕ್ಲಿಪ್ ಹಾಕಿ ಮುಂದಿನದಕ್ಕೆ ಹೋಗಿ. ಎಲ್ಲ ಆದ ಮೇಲೆ ಸಲ್ಫೇಟ್ ಇಲ್ಲದ ಶಾಂಪೂವನ್ನು ನೆತ್ತಿಗಷ್ಟೇ ಹಾಕಿ ಬೆರಳ ತುದಿಯಿಂದ ಉಜ್ಜಿ. ಕೂದಲನ್ನೆಲ್ಲ ಒಟ್ಟು ಮಾಡಿ ತಲೆ ಮೇಲೆ ಗುಪ್ಪೆ ಹಾಕಿ ತಿಕ್ಕಬೇಡಿ. ಇಳಿದು ಬರುವ ನೊರೆಯೇ ಉದ್ದಕ್ಕೆ ಸಾಕು. ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಮತ್ತೆ ಕಂಡೀಷನರ್, ಐದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸೀಗೆಕಾಯಿ ಪುಡಿ ಬೇಡ. ಸುರುಳಿಗಳ ಒಳಗೆ ಕೂತ ಪುಡಿ ಎಷ್ಟು ತೊಳೆದರೂ ಹೋಗುವುದಿಲ್ಲ, ಕೂದಲೂ ಇನ್ನಷ್ಟು ಒಣಗುತ್ತದೆ. ದಾಸವಾಳದ ಎಲೆ ಕಿವುಚಿ ಸೋಸಿದ ಲೋಳೆ ಬೇಕಾದರೆ ಹಚ್ಚಿ, ಸಿಕ್ಕು ಬಿಡಿಸಲು ಒಳ್ಳೇ ಜಾರು ಕೊಡುತ್ತದೆ. ಒರೆಸಲು ಒರಟು ಟವೆಲ್ ಬೇಡ, ಹಳೇ ಕಾಟನ್ ಟೀ ಶರ್ಟ್ ಅಥವಾ ತೆಳು ಪಂಚೆ ಸಾಕು. ಉಜ್ಜಬೇಡಿ, ಒತ್ತಿ ನೀರು ಹಿಂಡಿ.

ತಲೆ ಇನ್ನೂ ಹಸಿಯಿರುವಾಗಲೇ ಮುಂದಿನ ಕೆಲಸ. ತೊಳೆಯದೆ ಬಿಡುವ ಬಗೆಯ ಕಂಡೀಷನರ್, ಅದರ ಮೇಲೆ ಸ್ವಲ್ಪ ಎಣ್ಣೆ, ಅದರ ಮೇಲೆ ಕೂದಲ ಕ್ರೀಮು. ಮೂರೂ ಸ್ವಲ್ಪ ಸ್ವಲ್ಪ. ಸುರುಳಿ ಕೂತಿರಲಿ ಅಂತಿದ್ದರೆ ಅಗಸೆ ಬೀಜದ ಲೋಳೆ ಮನೆಯಲ್ಲೇ ಮಾಡಬಹುದು. ಕಾಲು ಕಪ್ ಅಗಸೆ ಬೀಜಕ್ಕೆ ಎರಡು ಕಪ್ ನೀರು, ಕೈಯಾಡಿಸುತ್ತ ಸಣ್ಣ ಉರಿಯಲ್ಲಿ ಕುದಿಸಿ. ಲೋಳೆ ಬಿಟ್ಟ ತಕ್ಷಣ, ಬಿಸಿ ಇರುವಾಗಲೇ ಸೋಸಿ. ಆರಿದ ಮೇಲೆ ಗಟ್ಟಿಯಾಗಿ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು.

ಜಡೆ ಹಾಕುವ ವಿಷಯಕ್ಕೆ ಬಂದರೆ, ಈ ವಯಸ್ಸಿಗೆ ನನಗೆ ಇಷ್ಟ ಎರಡೆಳೆ ಟ್ವಿಸ್ಟ್. ಒಂದು ಭಾಗ ತೆಗೆದು ಎರಡು ಎಳೆ ಮಾಡಿ ಒಂದರ ಸುತ್ತ ಒಂದು ಸುತ್ತುತ್ತಾ ಹೋಗುವುದು, ಅಷ್ಟೇ. ಹತ್ತು ಹನ್ನೆರಡು ಟ್ವಿಸ್ಟ್ ಹಾಕಿದರೆ ಒಂದು ವಾರ ಬೆಳಿಗ್ಗೆ ಬಾಚಣಿಗೆಯ ಮಾತೇ ಇಲ್ಲ. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ಸ್ವಲ್ಪ ಕಂಡೀಷನರ್ ಬೆರೆಸಿ ಚಿಮುಕಿಸಿ, ತುದಿಗೆ ಎಣ್ಣೆ ಸವರಿ ಶಾಲೆಗೆ ಕಳಿಸಿ. ವಾರದ ಕೊನೆಗೆ ಟ್ವಿಸ್ಟ್ ಬಿಚ್ಚಿದರೆ ಅಲೆಅಲೆಯಾದ ಕೂದಲು ಇನ್ನೆರಡು ದಿನಕ್ಕೆ ಬೇರೆಯದೇ ಅಲಂಕಾರ. ಎರಡು ಕಡೆ ಪಫ್, ಅಂದರೆ ಕೂದಲನ್ನು ಒಟ್ಟು ಮಾಡಿ ಚೆಂಡಿನ ಹಾಗೆ ಕಟ್ಟುವುದು ಅದಕ್ಕಿಂತ ಸುಲಭ, ಆದರೆ ದಿನಾ ಒಂದೇ ಜಾಗದಲ್ಲಿ ಕಟ್ಟಬೇಡಿ. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆಯುವ ಕಾರ್ನ್‌ರೋ ಕಲಿಯಲು ಕಷ್ಟ, ಅತ್ತೆಗೆ ಬಿಡಿ. ನಿಮ್ಮಮ್ಮನ ಮೂರೆಳೆ ಜಡೆಯೂ ಆಗಬಹುದು, ಒಂದರ ಬದಲು ಆರೆಂಟು ಹಾಕಲಿ. ಬರಿ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ಬಳಸಿ. ಮಣಿ ಹಾಕುವ ಆಸೆ ಇದ್ದರೆ ಹಗುರವಾದವು ಕೆಲವು ಸಾಕು. ಮನೆಯಲ್ಲಿ 3 ವರ್ಷದೊಳಗಿನ ಮಗು ಇದ್ದರೆ ಅದೂ ಬೇಡ, ಬಿದ್ದ ಮಣಿ ನೇರ ಬಾಯಿಗೆ ಹೋಗುತ್ತದೆ. ಕೃತಕ ಕೂದಲು ಸೇರಿಸಿ ಉದ್ದ ಜಡೆ ಹೆಣೆಸುವುದು ಇಷ್ಟು ಸಣ್ಣ ತಲೆಗೆ ಭಾರ. ಹಬ್ಬಕ್ಕೆ, ಮದುವೆಗೆ ಹಾಕಿಸಿದರೂ ಆರೆಂಟು ವಾರಕ್ಕಿಂತ ಜಾಸ್ತಿ ಇಡಬೇಡಿ.

ಯಾವ ಜಡೆಯಾದರೂ ಬಿಗಿ ಆಗಬಾರದು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಳೆತದಿಂದ ಬರುವ ಬೋಳು ಮಕ್ಕಳಲ್ಲೇ ಶುರುವಾಗುತ್ತದೆ. ಜಡೆ ಹಾಕಿದ ಮೇಲೆ ಮಗು ತಲೆ ನೋವು ಅಂದರೆ, ಹುಬ್ಬು ಮೇಲೆ ಎಳೆದಂತೆ ಕಂಡರೆ, ಬುಡದಲ್ಲಿ ಸಣ್ಣ ಗುಳ್ಳೆ ಬಂದರೆ ಆಗಲೇ ಬಿಚ್ಚಿ. ದುಡ್ಡು ಕೊಟ್ಟು ಹಾಕಿಸಿದ್ದಾದರೂ ಸರಿ. "ಎರಡು ದಿನಕ್ಕೆ ಸಡಿಲ ಆಗುತ್ತೆ" ಅನ್ನೋ ಸಮಾಧಾನ ಬೇಡ. ಮೊದಲು ತೆಳುವಾಗುವುದು ಹಣೆಯ ಅಂಚು ಮತ್ತು ಕಿವಿಯ ಮುಂದಿನ ಜಾಗ. ಬೇಗ ಎಚ್ಚೆತ್ತರೆ ಕೂದಲು ವಾಪಸ್ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಸತ್ತು ಅಲ್ಲಿ ಮತ್ತೆ ಬೆಳೆಯುವುದಿಲ್ಲ. ನಮ್ಮೂರ ಶಾಲೆಗಳಲ್ಲಿ ಎರಡು ಜಡೆ ಎಳೆದು ಮಡಿಸಿ ರಿಬ್ಬನ್ ಕಟ್ಟುತ್ತಿದ್ದರಲ್ಲ, ಅದೂ ಇದೇ ಜಾತಿಗೆ ಸೇರಿದ್ದು.

ರಾತ್ರಿ ಕಾಟನ್ ದಿಂಬು ಕೂದಲಿನ ಪಸೆ ಹೀರುತ್ತದೆ, ಹೊರಳಿದಾಗ ತಿಕ್ಕಿ ಮುರಿಯುತ್ತದೆ. ಸ್ಯಾಟಿನ್ ಟೊಪ್ಪಿ ಹಾಕಿ. ಮಕ್ಕಳು ಅದನ್ನು ನಿದ್ದೆಯಲ್ಲಿ ಕಿತ್ತೆಸೆಯುವುದೇ ಜಾಸ್ತಿ, ಹಾಗಾಗಿ ದಿಂಬಿಗೂ ಸ್ಯಾಟಿನ್ ಕವರ್ ಇರಲಿ. ಊರಲ್ಲಿ ಯಾರೂ ಉಡದ ಹಳೇ ರೇಷ್ಮೆ ಸೀರೆ ಇದ್ದರೆ ಜರಿಯಿಲ್ಲದ ಒಡಲಿನ ಭಾಗದಿಂದ ಚೆಂದದ ದಿಂಬಿನ ಕವರ್ ಆಗುತ್ತದೆ. ಕೂಸುಗಳಿಗೆ ಮಾತ್ರ ಮಲಗುವಾಗ ಟೊಪ್ಪಿ ಬೇಡ, ಮುಖದ ಮೇಲೆ ಜಾರಿದರೆ ಅಪಾಯ.

ಈಜಲು ಹೋಗುವ ದಿನ ಮೊದಲೇ ಮಾಮೂಲಿ ನೀರಲ್ಲಿ ತಲೆ ನೆನೆಸಿ, ಕಂಡೀಷನರ್ ಸವರಿ ಟೊಪ್ಪಿ ಹಾಕಿ. ನೆಂದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಕುಡಿಯುತ್ತದೆ. ಬಂದ ತಕ್ಷಣ ತೊಳೆದುಬಿಡಿ.

ನೆತ್ತಿ ಮೇಲೆ ಬಿಳಿ ಹೊಟ್ಟು ಕಂಡರೆ ಎಲ್ಲವೂ ಒಣ ಚರ್ಮ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಪ್ಪು ಮಕ್ಕಳ ತಲೆಯಲ್ಲಿ ಹುಳುಕಡ್ಡಿ ಜಾಸ್ತಿ ಕಾಣಿಸುತ್ತದೆ. ಅದೊಂದು ಬಗೆಯ ಫಂಗಸ್. ಹೊಟ್ಟಿನ ಜೊತೆ ಅಲ್ಲಲ್ಲಿ ಕೂದಲು ಉದುರಿದ್ದರೆ, ಆ ಜಾಗದಲ್ಲಿ ಕಪ್ಪು ಚುಕ್ಕೆಗಳಿದ್ದರೆ, ಕತ್ತಿನ ಹಿಂದೆ ಗಂಟು ಸಿಕ್ಕರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಅದಕ್ಕೆ ವಾರಗಟ್ಟಲೆ ಬಾಯಲ್ಲಿ ತೆಗೆದುಕೊಳ್ಳುವ ಔಷಧಿಯೇ ಬೇಕು, ಎಣ್ಣೆ ಮುಲಾಮಿಗೆ ಹೋಗುವುದಿಲ್ಲ. ಬಾಚಣಿಗೆ, ಟೊಪ್ಪಿ ಹಂಚಿಕೊಂಡರೆ ಮನೆಯವರಿಗೂ ಹರಡುತ್ತದೆ. ನಿಮ್ಮಮ್ಮ ಹೇನಿನ ಭಯದಿಂದ ಸೀರಣಿಗೆ ಹಿಡಿದು ಕೂರುತ್ತಿದ್ದರೆ ಒಂದು ಸಮಾಧಾನ ಹೇಳಿ. ಅಮೆರಿಕದಲ್ಲಿ ಈ ಬಗೆಯ ಕೂದಲಿರುವ ಮಕ್ಕಳಲ್ಲಿ ಹೇನು ಕಡಿಮೆ. ಅಲ್ಲಿನ ಹೇನಿನ ಉಗುರಿಗೆ ದುಂಡು ಎಳೆ ಸಿಕ್ಕಷ್ಟು ಸುಲಭವಾಗಿ ಚಪ್ಪಟೆ ಎಳೆ ಸಿಕ್ಕುವುದಿಲ್ಲ ಅನ್ನುತ್ತಾರೆ.

ನೇರ ಮಾಡಿಸುವ ಮಾತಿಗೆ ನನ್ನ ಉತ್ತರ ಬೇಡ ಅಂತಲೇ. ರಿಲ್ಯಾಕ್ಸರ್ ಅನ್ನುವ ಔಷಧಿಯಲ್ಲಿರುವುದು ಸೋಡಿಯಂ ಹೈಡ್ರಾಕ್ಸೈಡ್ ಥರದ ಕ್ಷಾರ, ಅದಕ್ಕೇ ಇಂಗ್ಲಿಷಿನಲ್ಲಿ 'ಲೈ' ಅನ್ನುತ್ತಾರೆ. ಮಕ್ಕಳಿಗೆ ಅಂತ ಮಾರುವ 'ಲೈ ಇಲ್ಲದ' ಡಬ್ಬಿಯಲ್ಲಿರುವುದೂ ಕ್ಷಾರವೇ, ಬೇರೆ ಬಗೆಯದು. ಕೂದಲಿನ ಒಳಗಿನ ಕಟ್ಟುಗಳನ್ನೇ ಮುರಿದು ನೇರ ಮಾಡುತ್ತದೆ, ನೆತ್ತಿ ಸುಡುವುದೂ ಉಂಟು. ಹೊಸ ಕೂದಲು ಸುರುಳಿಯಾಗಿಯೇ ಬರುವುದರಿಂದ ಎರಡು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 33,000ಕ್ಕೂ ಜಾಸ್ತಿ ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಪದೇ ಪದೇ ಬಳಸಿದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 4% ಅಂತ ಅಂದಾಜಾಯಿತು. ಬಳಸದವರಲ್ಲಿ ಅದು 1.6%ರಷ್ಟು. ಇದು ನಂಟು ತೋರಿಸುತ್ತದೆ, ಕಾರಣ ಅದೇ ಅಂತ ಸಾಬೀತು ಮಾಡುವುದಿಲ್ಲ. ಆದರೂ 5 ವರ್ಷಕ್ಕೇ ಶುರು ಮಾಡುವುದು ಯಾಕೆ? ದೊಡ್ಡವಳಾದ ಮೇಲೆ ಅವಳೇ ತಿಳಿದು ತೀರ್ಮಾನ ಮಾಡಲಿ. ಬಿಸಿ ಇಸ್ತ್ರಿಯೂ ಬೇಡ. ಸುಟ್ಟ ಸುರುಳಿ ಮತ್ತೆ ಸುತ್ತಿಕೊಳ್ಳುವುದಿಲ್ಲ, ಕತ್ತರಿಸಿ ಹೊಸದು ಬರುವವರೆಗೆ ಕಾಯಬೇಕು.

ರಜೆಗೆ ಊರಿಗೆ ಬಂದಾಗ ನೆಂಟರು ಕೈ ಹಾಕಿ ಮುಟ್ಟುತ್ತಾರೆ, "ಇದೇನು ಪೊದೆ" ಅಂತ ನಗುತ್ತಾರೆ. ಮಗುವಿನ ಎದುರಿಗೇ ತಡೆಯಿರಿ, ನಾಚಿಕೆ ಬೇಡ. ಈ ಕೂದಲು ಕರ್ನಾಟಕಕ್ಕೆ ಹೊಸದೂ ಅಲ್ಲ. ಶಿವಮೊಗ್ಗದಿಂದ ಕೆಲವೇ ಗಂಟೆ ದೂರದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಆಫ್ರಿಕನ್ ಮೂಲದ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ, ಕನ್ನಡ, ಕೊಂಕಣಿ ಮಾತಾಡುತ್ತಾರೆ. ಅವರಲ್ಲಿ ಒಬ್ಬರಾದ ಶಾಂತಾರಾಮ ಸಿದ್ದಿ 2020ರಲ್ಲಿ ನಮ್ಮ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮಗಳಿಗೆ ಈ ಜನರ ಫೋಟೋ ತೋರಿಸಿ. "ನನ್ನಂಥ ಕೂದಲು ಅಮ್ಮನ ಊರಲ್ಲೂ ಇದೆಯಾ" ಅಂತ ಕೇಳುತ್ತಾಳೆ, ನೋಡಿ.

ಶಾಲೆ ಬಗ್ಗೆ ನೀವು ಕೇಳಿಲ್ಲ, ಆದರೂ ಗೊತ್ತಿರಲಿ. ಕೂದಲಿನ ಬಗೆ, ಜಡೆ, ಟ್ವಿಸ್ಟ್, ಲಾಕ್ಸ್ (ಜಟೆಯ ಹಾಗೆ ಬಿಟ್ಟ ಕೂದಲು) ನೋಡಿ ತಾರತಮ್ಯ ಮಾಡಬಾರದು ಅನ್ನುವ 'ಕ್ರೌನ್ ಆ್ಯಕ್ಟ್' 2019ರಲ್ಲಿ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಬಂತು. ನಿಮ್ಮ ಟೆಕ್ಸಸ್‌ನಲ್ಲಿ 2023ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ, ಸರ್ಕಾರಿ ಶಾಲೆಗಳಿಗೂ ಅನ್ವಯಿಸುತ್ತದೆ. ಹುಡುಗರ ಕೂದಲಿನ ಉದ್ದಕ್ಕೆ ಶಾಲೆ ಮಿತಿ ಹಾಕಿದರೆ ಈ ಕಾನೂನಿಗೆ ವಿರುದ್ಧವಲ್ಲ ಅಂತ 2024ರಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು ತೀರ್ಪು ಕೊಟ್ಟಿದ್ದಾರೆ. ನಿಮ್ಮ ಮಗಳ ಟ್ವಿಸ್ಟ್‌ಗೆ ಮಾತ್ರ ಶಾಲೆಯವರು ತಕರಾರು ಮಾಡುವಂತಿಲ್ಲ. ಯಾರಾದರೂ ಟೀಚರ್ "ಕೂದಲು ನೀಟಾಗಿ ಕಟ್ಟಿ ಕಳಿಸಿ" ಅಂತ ಚೀಟಿ ಬರೆದರೆ, ಏನು ನೀಟಾಗಿಲ್ಲ ಅಂತ ವಿವರಿಸಲು ವಾಪಸ್ ಬರೆದು ಕೇಳಿ, ಆ ಚೀಟಿ ಎತ್ತಿಡಿ.